ಆಟದ ನಡುವೆ ಮಾತು: ಯಾವ ತಂತ್ರಾಂಶ ಮೇಲು?

ಖೋ ಖೋ ಆಟದಲ್ಲಿ ಎಲ್ಲವೂ ಒಂದು ಕೂಗಿನ ಮೇಲೆ ನಿಂತಿದೆ. ಓಡಿ ಬಂದವನು ಕುಳಿತವನ ಬೆನ್ನು ಮುಟ್ಟಿ 'ಖೋ' ಎಂದ ಕೂಡಲೇ ಅವನು ಎದ್ದು ಓಡಬೇಕು. ಆ ಕೂಗು ಅರ್ಧ ಸೆಕೆಂಡು ತಡವಾಗಿ ಕಿವಿಗೆ ಬಿದ್ದರೆ ಏನಾದೀತು? ಎದುರಾಳಿ ಕೈಗೆ ಸಿಗದಷ್ಟು ದೂರ ಹೋಗಿರುತ್ತಾನೆ. ಶಾಲೆಯ ಅಂಗಳದಲ್ಲಿ ಈ ತೊಂದರೆ ಇಲ್ಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹತ್ತು ಮೀಟರ್ ದೂರ ಕ್ರಮಿಸಲು ಅದಕ್ಕೆ ಸುಮಾರು 30 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ನೂರರಲ್ಲಿ ಮೂರು ಭಾಗ ಸಾಕು.

ಆದರೆ ಇಂದು ಮಕ್ಕಳ ಆಟದ ಅಂಗಳ ಕಂಪ್ಯೂಟರ್ ಮತ್ತು ಮೊಬೈಲಿನ ಪರದೆಯೊಳಗೂ ಇದೆ. ತಂಡದ ಒಬ್ಬ ದಾವಣಗೆರೆಯಲ್ಲಿ, ಇನ್ನೊಬ್ಬ ಕಾರವಾರದಲ್ಲಿ, ಮೂರನೆಯವನು ಪುಣೆಯಲ್ಲಿ ಕುಳಿತಿರುತ್ತಾನೆ. "ಬಲಗಡೆ ಗೋಡೆ ಹಿಂದೆ ಇದ್ದಾನೆ, ಬೇಗ ಬಾ" ಎಂಬ ಮಾತು ನೂರಾರು ಕಿಲೋಮೀಟರ್ ದಾಟಿ ತಕ್ಷಣ ತಲುಪಬೇಕು. ತಲೆಗೆ ಹೆಡ್‌ಸೆಟ್ ಹಾಕಿಕೊಂಡು ಗೋಡೆಯೊಡನೆ ಮಾತನಾಡುವಂತೆ ಕಾಣುವ ಮಗನನ್ನು, ಮಗಳನ್ನು ನೋಡಿ ಮನೆಯ ಹಿರಿಯರಿಗೆ ಸಹಜವಾಗಿಯೇ ಎರಡು ಪ್ರಶ್ನೆ ಏಳುತ್ತವೆ: ಇವರು ಮಾತನಾಡುತ್ತಿರುವುದು ಯಾರೊಡನೆ? ಆ ಮಾತನ್ನು ಬೇರೆ ಯಾರಾದರೂ ಕೇಳುತ್ತಿದ್ದಾರೆಯೆ? ವಿದ್ಯಾರ್ಥಿಗಳ ಪ್ರಶ್ನೆ ಬೇರೆ: ಟೀಮ್‌ಸ್ಪೀಕ್, ಮಂಬಲ್, ಡಿಸ್ಕಾರ್ಡ್ ಇವುಗಳಲ್ಲಿ ಯಾವುದು ಒಳ್ಳೆಯದು? ಈ ಎರಡೂ ಬಗೆಯ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಮಾತು ಹೇಗೆ ಸಾಗುತ್ತದೆ ಎಂದು ತಿಳಿದರೆ ಎರಡೂ ಬಿಡಿಸಿಕೊಳ್ಳುತ್ತವೆ.

ಮಾತು ಅಂಕಿಯಾಗುವ ಬಗೆ

ಧ್ವನಿ ಎಂದರೆ ಗಾಳಿಯ ಕಂಪನ. ಮೈಕ್ ಅದನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಕಂಪ್ಯೂಟರ್ ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಎಷ್ಟು ಬಾರಿ ಅಳೆಯಬೇಕು? ಧ್ವನಿಯಲ್ಲಿರುವ ಅತಿ ಹೆಚ್ಚಿನ ಆವರ್ತನದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮೂಲ ಧ್ವನಿಯನ್ನು ಮರಳಿ ಪಡೆಯಬಹುದು ಎನ್ನುತ್ತದೆ ಗಣಿತ. ಹಳೆಯ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಆದ್ದರಿಂದ ಅದಕ್ಕೆ ಸೆಕೆಂಡಿಗೆ 8000 ಅಳತೆ ಸಾಕಾಗಿತ್ತು. ಫೋನಿನಲ್ಲಿ 'ಸ' ಮತ್ತು 'ಫ' ಒಂದೇ ಬಗೆಯಾಗಿ ಕೇಳಿಸುತ್ತಿದ್ದುದಕ್ಕೆ ಕಾರಣ ಇದೇ. ಆ ಅಕ್ಷರಗಳ ಗುರುತು 3400 ಹರ್ಟ್ಸ್‌ಗಿಂತ ಮೇಲಿನ ಆವರ್ತನಗಳಲ್ಲಿ ಅಡಗಿರುತ್ತದೆ.

ಆಟಗಾರರು ಬಳಸುವ ಇಂದಿನ ತಂತ್ರಾಂಶಗಳು ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಳತೆ ತೆಗೆದುಕೊಳ್ಳುತ್ತವೆ. ಒಂದೊಂದು ಅಳತೆಗೆ 16 ಬಿಟ್. ಗುಣಿಸಿ ನೋಡಿದರೆ ಸೆಕೆಂಡಿಗೆ 768 ಕಿಲೋಬಿಟ್ ಆಯಿತು. ಹಾಗೆಯೇ ಕಳಿಸಿದರೆ ಒಂದು ಗಂಟೆಯ ಮಾತಿಗೆ ಸುಮಾರು 345 ಮೆಗಾಬೈಟ್ ಬೇಕು. ಇದು ತೀರ ದುಬಾರಿ. ಆದ್ದರಿಂದ ಕಿವಿಗೆ ಮುಖ್ಯವಲ್ಲದ ಭಾಗಗಳನ್ನು ಬಿಟ್ಟು ಧ್ವನಿಯನ್ನು ಹಿಂಡಿ ಚಿಕ್ಕದಾಗಿಸುವ ವಿಧಾನಗಳಿವೆ. ಇವಕ್ಕೆ ಕೋಡೆಕ್ ಎಂದು ಹೆಸರು. 2012ರ ಸೆಪ್ಟೆಂಬರಿನಲ್ಲಿ ಅಂತರಜಾಲದ ಮಾನಕವಾಗಿ ಒಪ್ಪಿಗೆ ಪಡೆದ 'ಓಪಸ್' ಇವುಗಳಲ್ಲಿ ಪ್ರಮುಖ. ಮಾತಿಗೆಂದು ಸ್ಕೈಪ್ ಸಂಸ್ಥೆ ರೂಪಿಸಿದ್ದ 'ಸಿಲ್ಕ್' ಹಾಗೂ ಸಂಗೀತಕ್ಕೂ ಒಗ್ಗುವ 'ಸೆಲ್ಟ್' ಎಂಬ ಎರಡು ವಿಧಾನಗಳನ್ನು ಬೆಸೆದು ಇದನ್ನು ಮಾಡಲಾಗಿದೆ. ಸೆಕೆಂಡಿಗೆ 6 ಕಿಲೋಬಿಟ್‌ನಿಂದ 510 ಕಿಲೋಬಿಟ್‌ವರೆಗೆ ಬೇಕಾದ ಹಾಗೆ ಹಿಗ್ಗಿ ಕುಗ್ಗಬಲ್ಲ ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು.

ಇಲ್ಲೊಂದು ಸ್ವಾರಸ್ಯವಿದೆ. ಮಂಬಲ್, ಟೀಮ್‌ಸ್ಪೀಕ್, ಡಿಸ್ಕಾರ್ಡ್ ಮೂರೂ ಓಪಸ್ ಅನ್ನೇ ಬಳಸುತ್ತವೆ. ಆದ್ದರಿಂದ 'ಇದರಲ್ಲಿ ಧ್ವನಿ ಚೆನ್ನ, ಅದರಲ್ಲಿ ಚೆನ್ನಿಲ್ಲ' ಎಂದು ಹುಡುಗರು ವಾದಿಸುವಾಗ ಬಹಳ ಸಲ ವ್ಯತ್ಯಾಸ ಇರುವುದು ತಂತ್ರಾಂಶದಲ್ಲಲ್ಲ. ಮೈಕಿನಲ್ಲಿ, ಕೋಣೆಯಲ್ಲಿ ಅಥವಾ ಆಯ್ದುಕೊಂಡ ಬಿಟ್ ದರದಲ್ಲಿ.

ತಡವೇ ಶತ್ರು

ಹಿಂಡಿದ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಒಂದೊಂದನ್ನೂ ಒಂದು ಪೊಟ್ಟಣ ಮಾಡಿ ಕಳಿಸಲಾಗುತ್ತದೆ. ಸೆಕೆಂಡಿಗೆ 50 ಪೊಟ್ಟಣ. ಅಂತರಜಾಲದಲ್ಲಿ ಪೊಟ್ಟಣ ಕಳಿಸಲು ಎರಡು ಮುಖ್ಯ ಪದ್ಧತಿಗಳಿವೆ. ಒಂದು ರಿಜಿಸ್ಟರ್ಡ್ ಅಂಚೆಯ ಹಾಗೆ: ತಲುಪಿದ್ದಕ್ಕೆ ರಸೀದಿ ಬರಬೇಕು, ಬಾರದಿದ್ದರೆ ಮತ್ತೆ ಕಳಿಸಬೇಕು. ಇದು ಟಿಸಿಪಿ. ಇನ್ನೊಂದು ಸಾಧಾರಣ ಕಾರ್ಡಿನ ಹಾಗೆ: ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಇದು 1980ರಲ್ಲಿ ರೂಪುಗೊಂಡ ಯುಡಿಪಿ. ಅಂಕಪಟ್ಟಿ ಕಳಿಸುವುದಾದರೆ ಮೊದಲನೆಯದೇ ಬೇಕು. ಮಾತಿಗೆ ಮಾತ್ರ ಎರಡನೆಯದು ಮೇಲು. ಕಳೆದುಹೋದ 20 ಮಿಲಿಸೆಕೆಂಡಿನ ಧ್ವನಿಯನ್ನು ಮತ್ತೆ ತರಿಸುವ ಹೊತ್ತಿಗೆ ಮಾತು ಮುಂದೆ ಹೋಗಿರುತ್ತದೆ. ಅಷ್ಟು ಸಣ್ಣ ಬಿರುಕನ್ನು ತಂತ್ರಾಂಶವೇ ಅಕ್ಕಪಕ್ಕದ ಧ್ವನಿ ನೋಡಿ ಮುಚ್ಚಿಬಿಡುತ್ತದೆ. ಕಿವಿಗೆ ತಿಳಿಯುವುದಿಲ್ಲ.

ಒಂದೇ ಕಡೆಯ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆಗೆ ಅಡ್ಡಿಯಿಲ್ಲ, 400 ದಾಟಬಾರದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಈ 150ರಲ್ಲಿ ಯಾರ ಪಾಲು ಎಷ್ಟು? ಓಪಸ್‌ನ ಪಾಲು ಸಾಮಾನ್ಯವಾಗಿ 26.5. ಏರುಪೇರಾಗಿ ಬರುವ ಪೊಟ್ಟಣಗಳನ್ನು ಸಾಲಿಗೆ ತರಲು ಕೇಳುಗನ ಕಡೆ ಇನ್ನಷ್ಟು ಕಾಯಬೇಕು. ಉಳಿದದ್ದು ದಾರಿಯ ಪಾಲು. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗೆ ನೇರ ದೂರ ಸುಮಾರು 850 ಕಿಲೋಮೀಟರ್. ಬೆಳಕಿಗೆ 4 ಮಿಲಿಸೆಕೆಂಡು ಸಾಕು. ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ಸುಮಾರು 7,400 ಕಿಲೋಮೀಟರ್. ಕನಿಷ್ಠ 37 ಮಿಲಿಸೆಕೆಂಡು. ಕೇಬಲ್ಲುಗಳು ಸಮುದ್ರ ಸುತ್ತಿ ಹೋಗುವುದರಿಂದ ನಿಜವಾಗಿ ಇನ್ನೂ ಹೆಚ್ಚು.

ಇದರಿಂದ ತಿಳಿಯುವುದೇನು? ದಾವಣಗೆರೆಯ ಹುಡುಗನೂ ಕಾರವಾರದ ಹುಡುಗನೂ ಜರ್ಮನಿಯಲ್ಲಿರುವ ಸರ್ವರ್ ಮೂಲಕ ಮಾತನಾಡಿದರೆ ಅವರ ಮಾತು ಅಲ್ಲಿಗೆ ಹೋಗಿ ಮರಳಿ ಬರಬೇಕು. ಮುಂಬೈಯ ಸರ್ವರ್ ಆಯ್ದುಕೊಂಡರೆ ಆ ಪ್ರವಾಸ ತಪ್ಪುತ್ತದೆ. ತಂತ್ರಾಂಶದ ಹೆಸರಿಗಿಂತ ಸರ್ವರ್ ಇರುವ ಊರು ಮುಖ್ಯ.

ಇನ್ನೊಂದು ಮಾತು. ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನು ತಾನೊಂದೇ ನೂರು ಮಿಲಿಸೆಕೆಂಡಿಗೂ ಮೀರಿದ ವಿಳಂಬ ಸೇರಿಸಬಲ್ಲದು. ಆಟಕ್ಕೆ ಕಡಿಮೆ ಬೆಲೆಯ ತಂತಿಯ ಹೆಡ್‌ಸೆಟ್ಟೇ ವಾಸಿ.

ಐವತ್ತು ವರ್ಷದ ದಾರಿ

ಮಾತನ್ನು ಪೊಟ್ಟಣ ಮಾಡಿ ಕಳಿಸುವ ಪ್ರಯೋಗ ಹೊಸದಲ್ಲ. 1974ರ ಆಗಸ್ಟಿನಲ್ಲಿಯೇ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಕ್ಯಾಲಿಫೋರ್ನಿಯದ ಒಂದು ಸಂಶೋಧನಾಲಯಕ್ಕೂ ಎಂಐಟಿಯ ಲಿಂಕನ್ ಪ್ರಯೋಗಾಲಯಕ್ಕೂ ನಡುವೆ ಹೀಗೆ ಮಾತನಾಡಲಾಯಿತು. ಆಟಗಾರರಿಗೆ ಈ ಸೌಲಭ್ಯ ದೊರೆತದ್ದು ಕಾಲು ಶತಮಾನದ ನಂತರ, 1999ರಲ್ಲಿ ಬಂದ 'ರೋಜರ್ ವಿಲ್ಕೋ' ಎಂಬ ತಂತ್ರಾಂಶದೊಡನೆ. 2001ರಲ್ಲಿ ಜರ್ಮನಿಯಿಂದ ಟೀಮ್‌ಸ್ಪೀಕ್ ಬಂದಿತು. 2002ರಲ್ಲಿ ಅಮೆರಿಕದಿಂದ ವೆಂಟ್ರಿಲೋ ಬಂದಿತು. 2004ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟ ಬಂದಾಗ 40 ಮಂದಿ ಒಟ್ಟಾಗಿ ಆಡುವ ಪಂದ್ಯಗಳು ಶುರುವಾದವು. ಟೈಪು ಮಾಡುತ್ತಾ 40 ಮಂದಿಯನ್ನು ನಡೆಸುವುದು ಸಾಧ್ಯವೆ? ಇಂಥ ತಂತ್ರಾಂಶಗಳಿಗೆ ಬೇಡಿಕೆ ಏರಿತು. 2005ರಲ್ಲಿ ನಾರ್ವೆಯ ಥೋರ್ವಾಲ್ಡ್ ನಾಟ್ವಿಗ್ ಎಂಬಾತ ಮಂಬಲ್ ಆರಂಭಿಸಿದ. 2015ರ ಮೇ ತಿಂಗಳಲ್ಲಿ ಡಿಸ್ಕಾರ್ಡ್ ಬಂದು ಚಿತ್ರವನ್ನೇ ಬದಲಿಸಿತು.

2003ರಲ್ಲಿ ಹುಟ್ಟಿದ ಸ್ಕೈಪ್ ಆಟಗಾರರಿಗೆಂದು ಮಾಡಿದ್ದಲ್ಲ. ಆದರೂ ಅನೇಕರು ಅದನ್ನೇ ಬಳಸುತ್ತಿದ್ದರು. 2025ರ ಮೇ 5ರಂದು ಅದು ಮುಚ್ಚಿತು. ಅದರಿಂದ ಕಲಿಯಬೇಕಾದ ಪಾಠ ಮಾತ್ರ ಉಳಿದಿದೆ.

ನೇರ ದಾರಿಯೋ, ನಡುಮನೆಯೋ?

ಐದು ಮಂದಿ ಮಾತನಾಡಬೇಕು ಎನ್ನೋಣ. ಪ್ರತಿಯೊಬ್ಬನ ಕಂಪ್ಯೂಟರೂ ಉಳಿದ ನಾಲ್ವರಿಗೆ ನೇರವಾಗಿ ಧ್ವನಿ ಕಳಿಸುವುದು ಒಂದು ವಿಧಾನ. ಆಗ 10 ಜೋಡಣೆ ಬೇಕು. 40 ಮಂದಿಯಾದರೆ 780. ನಡುವೆ ಒಂದು ಸರ್ವರ್ ಇಟ್ಟು ಎಲ್ಲರೂ ಅದಕ್ಕೆ ಒಂದು ಪ್ರತಿ ಕಳಿಸಿದರೆ ಅದು ಉಳಿದವರಿಗೆ ಹಂಚುತ್ತದೆ. ಐದು ಮಂದಿಗೆ 5 ಜೋಡಣೆ, 40 ಮಂದಿಗೆ 40. ಟೀಮ್‌ಸ್ಪೀಕ್, ವೆಂಟ್ರಿಲೋ, ಮಂಬಲ್, ಡಿಸ್ಕಾರ್ಡ್ ಎಲ್ಲವೂ ಈ ಎರಡನೆಯ ದಾರಿ ಹಿಡಿದಿವೆ.

ನೇರ ದಾರಿಗೆ ಇನ್ನೊಂದು ಕೊರತೆಯೂ ಇತ್ತು. ಸ್ಕೈಪ್ ಬಹುಕಾಲ ನೇರ ಜೋಡಣೆ ಬಳಸುತ್ತಿದ್ದುದರಿಂದ ಒಬ್ಬನ ಐಪಿ ವಿಳಾಸ ಇನ್ನೊಬ್ಬನಿಗೆ ಸಿಗುತ್ತಿತ್ತು. ಸೋಲುವ ಹಟಮಾರಿ ಎದುರಾಳಿ ಆ ವಿಳಾಸಕ್ಕೆ ಸುಳ್ಳು ಪೊಟ್ಟಣಗಳ ಸುರಿಮಳೆ ಸುರಿಸಿ ಸಂಪರ್ಕವನ್ನೇ ಕೆಡಿಸುತ್ತಿದ್ದ. 2016ರಲ್ಲಿ ಸ್ಕೈಪ್ ವಿಳಾಸ ಮರೆಮಾಡುವ ಕ್ರಮ ಕೈಗೊಂಡಿತು. ಸರ್ವರ್ ನಡುವೆ ಇದ್ದರೆ ಆಟಗಾರನ ವಿಳಾಸ ಸರ್ವರಿಗೆ ತಿಳಿಯುತ್ತದೆಯೇ ಹೊರತು ಎದುರಾಳಿಗಲ್ಲ. ಹಾಗಾದರೆ ಆ ಸರ್ವರಿನ ಯಜಮಾನ ಯಾರು ಎಂಬುದೇ ಮುಂದಿನ ಪ್ರಶ್ನೆ. ತಂತ್ರಾಂಶಗಳು ಬೇರೆಯಾಗುವುದು ಇಲ್ಲಿಯೇ.

ಒಂದೊಂದಾಗಿ ನೋಡಿದರೆ

ಟೀಮ್‌ಸ್ಪೀಕ್: ಸರ್ವರನ್ನು ತಂಡವೇ ನಡೆಸಬಹುದು, ಇಲ್ಲವೇ ಬಾಡಿಗೆಗೆ ಪಡೆಯಬಹುದು. ಟೀಮ್‌ಸ್ಪೀಕ್ 3ರಲ್ಲಿ 32 ಮಂದಿಯವರೆಗಿನ ಸರ್ವರಿಗೆ ಪರವಾನಗಿ ಶುಲ್ಕವಿಲ್ಲ. ಯಾರು ಮಾತನಾಡಬಹುದು, ಯಾರು ಬರೀ ಕೇಳಬಹುದು, ಯಾರು ಯಾರನ್ನು ಹೊರಹಾಕಬಹುದು ಎಂಬುದನ್ನು ಇದರಲ್ಲಿ ಬಹಳ ಸೂಕ್ಷ್ಮವಾಗಿ ಗೊತ್ತುಪಡಿಸಬಹುದು. ಪಂದ್ಯಾವಳಿ ಆಡುವ ತಂಡಗಳು ಇದನ್ನು ಮೆಚ್ಚುವುದು ಇದಕ್ಕಾಗಿ. ಹೊಸಬರಿಗೆ ಮಾತ್ರ ಆ ಪಟ್ಟಿಗಳೆಲ್ಲ ತಲೆನೋವು.

ವೆಂಟ್ರಿಲೋ: ಹಗುರ, ಸರಳ. ಉಚಿತ ಸರ್ವರಿನಲ್ಲಿ 8 ಮಂದಿಗಷ್ಟೇ ಜಾಗ. ಒಂದು ಕಾಲದಲ್ಲಿ ಟೀಮ್‌ಸ್ಪೀಕಿಗೆ ಸರಿಸಾಟಿಯಾಗಿತ್ತು. ಇಂದು ಹೊಸಬರು ಇದನ್ನು ಆಯ್ದುಕೊಳ್ಳಲು ಹೆಚ್ಚಿನ ಕಾರಣವಿಲ್ಲ.

ಮಂಬಲ್: ಇದರ ಮೂಲ ಕ್ರಮವಿಧಿ ಎಲ್ಲರಿಗೂ ತೆರೆದಿದೆ. ಕಂಪ್ಯೂಟರ್ ವಿಜ್ಞಾನ ಓದುವ ವಿದ್ಯಾರ್ಥಿ ಅದನ್ನು ಬಿಚ್ಚಿ ಓದಬಹುದು. ಹಣ ಕೊಡಬೇಕಿಲ್ಲ, ಜಾಹೀರಾತಿಲ್ಲ, ಇಮೇಲ್ ವಿಳಾಸ ಕೇಳುವುದಿಲ್ಲ. ಸರ್ವರಿಗೆ ಹೋಗಿಬರುವ ಮಾತು ಗೂಢಲಿಪಿಯಲ್ಲಿರುತ್ತದೆ. ವಿಳಂಬವೂ ತುಂಬ ಕಡಿಮೆ. ಕೆಲವು ಆಟಗಳಲ್ಲಿ ಗೆಳೆಯ ಎಡಕ್ಕಿದ್ದರೆ ಅವನ ದನಿಯೂ ಎಡದಿಂದ ಬರುವಂತೆ ಮಾಡುತ್ತದೆ. ನಮ್ಮ ಎರಡು ಕಿವಿಗಳ ನಡುವೆ ಸುಮಾರು 20 ಸೆಂಟಿಮೀಟರ್ ಅಂತರ. ಬದಿಯಿಂದ ಬಂದ ಶಬ್ದ ಒಂದು ಕಿವಿಗಿಂತ ಇನ್ನೊಂದಕ್ಕೆ ಸುಮಾರು 0.6 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಮಿದುಳು ಅಷ್ಟರಿಂದಲೇ ದಿಕ್ಕು ಹಿಡಿಯುತ್ತದೆ. ಕೊರತೆಗಳೂ ಇವೆ. ಸರ್ವರನ್ನು ಯಾರಾದರೂ ನಡೆಸಲೇಬೇಕು. ಮನೆಯ ಹಳೆಯ ಕಂಪ್ಯೂಟರಿನಲ್ಲೇ ನಡೆಸಬಹುದಾದರೂ ಅನೇಕ ಅಂತರಜಾಲ ಕಂಪನಿಗಳು ಹಲವು ಮನೆಗಳಿಗೆ ಒಂದೇ ಹೊರವಿಳಾಸ ಹಂಚುವುದರಿಂದ ಹೊರಗಿನವರು ಆ ಸರ್ವರ್ ಮುಟ್ಟಲಾಗದೆ ಹೋಗಬಹುದು. ಮೊಬೈಲಿನಲ್ಲಿ ಇದರ ಸೌಲಭ್ಯ ಅಷ್ಟಕ್ಕಷ್ಟೆ.

ಡಿಸ್ಕಾರ್ಡ್: ಇದರಲ್ಲಿ 'ಸರ್ವರ್' ಎನ್ನುವುದು ಬೇರೆ ಯಂತ್ರವಲ್ಲ, ಕಂಪನಿಯ ಯಂತ್ರಗಳೊಳಗೆ ತಂಡಕ್ಕೆ ಸಿಗುವ ಒಂದು ಮನೆ ಅಷ್ಟೆ. ಎರಡು ನಿಮಿಷದಲ್ಲಿ ಸಿದ್ಧ, ಮಾತಿಗೆ ಶುಲ್ಕವಿಲ್ಲ, ಮೊಬೈಲು ಕಂಪ್ಯೂಟರು ಎರಡರಲ್ಲೂ ನಡೆಯುತ್ತದೆ. ಭಾರತದಲ್ಲೂ ಧ್ವನಿ ಸರ್ವರುಗಳಿವೆ. ಸಾಮಾನ್ಯ ದರ ಸೆಕೆಂಡಿಗೆ 64 ಕಿಲೋಬಿಟ್. 2020ರಲ್ಲಿ ಸೇರಿಸಿದ ಗದ್ದಲ ತಡೆಯುವ ಸೌಲಭ್ಯ ಫ್ಯಾನಿನ ಸದ್ದು, ಕುಕ್ಕರಿನ ಸೀಟಿ ಮುಂತಾದವನ್ನು ಬಹುಮಟ್ಟಿಗೆ ಅಡಗಿಸುತ್ತದೆ. 2024ರ ಸೆಪ್ಟೆಂಬರಿನಿಂದ ಧ್ವನಿ ಮತ್ತು ವಿಡಿಯೋ ಕರೆಗಳಿಗೆ ಕಂಪನಿಯೂ ಬಿಚ್ಚಲಾಗದ ಗೂಢಲಿಪಿಯನ್ನು ಹಂತಹಂತವಾಗಿ ತಂದಿತು. ಬರೆದು ಕಳಿಸುವ ಸಂದೇಶಗಳಿಗೆ ಆ ರಕ್ಷಣೆಯಿಲ್ಲ. ಇಡೀ ವ್ಯವಸ್ಥೆ ಒಂದೇ ಕಂಪನಿಯ ಹಿಡಿತದಲ್ಲಿರುವುದು ಇದರ ದೊಡ್ಡ ಕೊರತೆ. 2025ರ ಅಕ್ಟೋಬರಿನಲ್ಲಿ, ತನಗಾಗಿ ಗ್ರಾಹಕ ಸೇವೆ ನಡೆಸುವ ಹೊರಗಿನ ಸಂಸ್ಥೆಯೊಂದರಿಂದ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತುಪತ್ರಗಳ ಚಿತ್ರಗಳು ಕಳ್ಳರ ಪಾಲಾಗಿರಬಹುದೆಂದು ಕಂಪನಿಯೇ ತಿಳಿಸಿತು.

ಆಟದೊಳಗಿನ ಮೈಕ್: ಮೊಬೈಲ್ ಆಟಗಳಲ್ಲಿ ಮಾತಿನ ಸೌಲಭ್ಯ ಆಟದಲ್ಲೇ ಇರುತ್ತದೆ. ಬೇರೇನೂ ಹಾಕಿಕೊಳ್ಳಬೇಕಿಲ್ಲ. ಆದರೆ ಆಟವು ಜೊತೆಗೂಡಿಸಿದ ಅಪರಿಚಿತರೊಡನೆಯೂ ಮೈಕ್ ತೆರೆದುಕೊಂಡಿರಬಹುದು. ಆಟದ ಸೆಟ್ಟಿಂಗಿನಲ್ಲಿ ಇದನ್ನು ಮೊದಲು ನೋಡಿಕೊಳ್ಳಬೇಕು.

ಡೇಟಾ ಎಷ್ಟು ಖರ್ಚು?

ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ 20 ಮಿಲಿಸೆಕೆಂಡಿನ ತುಣುಕು 160 ಬೈಟ್ ಆಗುತ್ತದೆ. ಅದರ ಮೇಲೆ ವಿಳಾಸ ಮುಂತಾದವುಗಳಿಗೆ ಸುಮಾರು 40 ಬೈಟ್. ಒಟ್ಟು 200 ಬೈಟ್, ಸೆಕೆಂಡಿಗೆ 50 ಬಾರಿ. ಅಂದರೆ ಗಂಟೆಗೆ 36 ಮೆಗಾಬೈಟ್. ಇದು ಒಬ್ಬ ಬಿಡುವಿಲ್ಲದೆ ಮಾತನಾಡಿದರೆ ಆಗುವ ಲೆಕ್ಕ. ಮೌನವಾಗಿರುವಾಗ ತಂತ್ರಾಂಶ ಧ್ವನಿ ಕಳಿಸುವುದನ್ನು ನಿಲ್ಲಿಸುತ್ತದೆ. ನಾಲ್ವರು ಒಟ್ಟಿಗೆ ಕೂಗಿಕೊಂಡರೆ ನಾಲ್ಕರಷ್ಟು ಧ್ವನಿ ಇಳಿದು ಬರುತ್ತದೆ. ಒಟ್ಟಿನಲ್ಲಿ ಮಾತು ಅಗ್ಗ. ದಿನದ ಡೇಟಾ ಸಂಜೆಗೇ ಮುಗಿದರೆ ಅದಕ್ಕೆ ಮಾತು ಕಾರಣವಲ್ಲ, ವಿಡಿಯೋ ಕಾರಣ ಎಂದು ಹಿರಿಯರು ತಿಳಿಯಬಹುದು.

ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯುವ ವ್ಯವಸ್ಥೆ ಈ ನಾಲ್ಕು ತಂತ್ರಾಂಶಗಳಲ್ಲೂ ಇದೆ. ಡೇಟಾ ಉಳಿಯುವುದು ಅದರ ಸಣ್ಣ ಲಾಭ. ಮನೆಯೊಳಗಿನ ಮಾತು, ಅಪ್ಪನ ಬ್ಯಾಂಕಿನ ವಿಚಾರ, ಅಮ್ಮ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ಓಟಿಪಿ ಇವು ಹೊರಗೆ ಹೋಗದಂತೆ ತಡೆಯುವುದು ದೊಡ್ಡ ಲಾಭ.

ಯಾರೊಡನೆ ಮಾತು?

ಯಾವ ಗೂಢಲಿಪಿಯೂ ದಾರಿಯನ್ನು ಕಾಯುತ್ತದೆಯೇ ಹೊರತು ದಾರಿಯ ಕೊನೆಯಲ್ಲಿರುವ ಮನುಷ್ಯನನ್ನಲ್ಲ. ಹದಿಮೂರರ ಹುಡುಗನಂತೆ ಬರೆಯುವವನು ನಲವತ್ತರ ವ್ಯಕ್ತಿಯಾಗಿರಬಹುದು. ದನಿಯನ್ನೂ ಈಗ ತಂತ್ರಾಂಶದಿಂದ ಬದಲಿಸಬಹುದು. ಆದ್ದರಿಂದ ತಂಡದ ಕೋಣೆಗೆ ಶಾಲೆ, ಬೀದಿ, ನೆಂಟಸ್ತಿಕೆಯಿಂದ ಪರಿಚಯವಿದ್ದವರಿಗಷ್ಟೇ ಆಹ್ವಾನ ಇರಲಿ. ಊರು, ಶಾಲೆ, ಫೋನ್ ಸಂಖ್ಯೆ, ಭಾವಚಿತ್ರ ಕೇಳುವ ಅಥವಾ 'ಮನೆಯಲ್ಲಿ ಹೇಳಬೇಡ' ಎನ್ನುವ ಗೆಳೆಯನನ್ನು ಆ ಕ್ಷಣವೇ ಹೊರಹಾಕಬೇಕು.

ಡಿಸ್ಕಾರ್ಡ್ ಬಳಸಲು ಕನಿಷ್ಠ 13 ವರ್ಷ ತುಂಬಿರಬೇಕೆಂದು ಅದರ ನಿಯಮ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. 2023ರಲ್ಲಿ ಡಿಸ್ಕಾರ್ಡ್ ತಂದ 'ಫ್ಯಾಮಿಲಿ ಸೆಂಟರ್' ಮೂಲಕ, ಮಗು ಯಾರೊಡನೆ ಸಂಪರ್ಕದಲ್ಲಿದೆ, ಯಾವ ಗುಂಪುಗಳಲ್ಲಿದೆ ಎಂದು ಹೆತ್ತವರು ನೋಡಬಹುದು. ಏನು ಮಾತನಾಡಿತು ಎಂಬುದು ಕಾಣುವುದಿಲ್ಲ. ಇದನ್ನು ಕದ್ದು ನೋಡುವ ಕಿಂಡಿಯಾಗಿ ಅಲ್ಲ, ಮಗುವಿಗೆ ತಿಳಿಸಿಯೇ ಬಳಸುವುದು ಸರಿ. ಬೆದರಿಕೆ, ಹಣದ ಬೇಡಿಕೆ ಬಂದರೆ ಬೈಗುಳಕ್ಕೆ ಅಂಜಿ ಮುಚ್ಚಿಡುವ ಮಕ್ಕಳೇ ಹೆಚ್ಚು ಕಷ್ಟಕ್ಕೆ ಸಿಲುಕುತ್ತಾರೆ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930 ಎಂಬ ಸಂಖ್ಯೆಗಳು ಮನೆಯಲ್ಲಿ ಎಲ್ಲರಿಗೂ ತಿಳಿದಿರಲಿ.

ಕೊನೆಗೆ ಯಾವುದು?

ಪರಿಚಿತ ಗೆಳೆಯರ ಸಣ್ಣ ಗುಂಪು, ಕೈಯಲ್ಲಿ ಮೊಬೈಲು, ಸರ್ವರ್ ನಡೆಸುವ ಗೋಜು ಬೇಡ ಎಂದಾದರೆ ಡಿಸ್ಕಾರ್ಡ್ ಸಾಕು. ಅಪರಿಚಿತರ ಸಂದೇಶ ಮತ್ತು ಗೆಳೆತನದ ಕೋರಿಕೆ ಬಾರದಂತೆ ಮೊದಲೇ ಸೆಟ್ಟಿಂಗ್ ಮಾಡಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಆಡುವವರು, ಹೊಸದನ್ನು ಕಲಿಯುವ ಆಸೆ ಇದ್ದವರು, ಖಾಸಗಿತನ ಬೇಕೆನ್ನುವವರು ಮಂಬಲ್ ನೋಡಬೇಕು. ಸರ್ವರ್ ಸ್ಥಾಪಿಸುವ ಒಂದು ಭಾನುವಾರದಲ್ಲಿ ಜಾಲದ ಬಗ್ಗೆ ಒಂದು ಅಧ್ಯಾಯದಷ್ಟು ಕಲಿಯಬಹುದು. ಪಂದ್ಯಾವಳಿಗೆ ಇಳಿಯುವ ದೊಡ್ಡ ತಂಡಕ್ಕೆ ಟೀಮ್‌ಸ್ಪೀಕ್ ಒಗ್ಗುತ್ತದೆ.

ಆಯ್ಕೆಗೆ ಮುನ್ನ ವಿಳಂಬವನ್ನು ಮನೆಯಲ್ಲೇ ಅಳೆದು ನೋಡಬಹುದು. ಬೇಕಾದದ್ದು ಗಡಿಯಾರ ಮತ್ತು ಇಬ್ಬರು. ಎದುರುಬದುರು ಕುಳಿತು ಒಬ್ಬರು ಒಂದು, ಇನ್ನೊಬ್ಬರು ಎರಡು ಎನ್ನುತ್ತಾ, ಕೇಳಿದ ಕೂಡಲೇ ಮುಂದಿನ ಅಂಕಿ ಹೇಳುತ್ತಾ 51ರವರೆಗೆ ಎಣಿಸಬೇಕು. ಮೊದಲು ಶುರು ಮಾಡಿದವರೇ ಸಮಯ ಬರೆದುಕೊಳ್ಳಬೇಕು. ಆಮೇಲೆ ಒಬ್ಬರ ದನಿ ಇನ್ನೊಬ್ಬರಿಗೆ ನೇರವಾಗಿ ಕೇಳದಷ್ಟು ದೂರ ಹೋಗಿ, ತಂತ್ರಾಂಶದ ಮೂಲಕ ಹಾಗೆಯೇ ಎಣಿಸಬೇಕು. ಎರಡು ಸಮಯಗಳ ವ್ಯತ್ಯಾಸವನ್ನು 50ರಿಂದ ಭಾಗಿಸಿದರೆ ಒಂದು ಕಡೆಯ ಸರಾಸರಿ ವಿಳಂಬ ಸಿಗುತ್ತದೆ. ಉದಾಹರಣೆಗೆ ಮೊದಲು 25 ಸೆಕೆಂಡು, ಆಮೇಲೆ 35 ಸೆಕೆಂಡು ಆದರೆ ವಿಳಂಬ 200 ಮಿಲಿಸೆಕೆಂಡು. ಮೂರು ಮೂರು ಬಾರಿ ಮಾಡಿ ಸರಾಸರಿ ತೆಗೆದರೆ ಇನ್ನೂ ನಂಬಬಹುದು. ಒಂದೊಂದು ತಂತ್ರಾಂಶಕ್ಕೂ, ತಂತಿಯ ಹೆಡ್‌ಸೆಟ್ಟಿಗೂ ಬ್ಲೂಟೂತಿಗೂ ಬೇರೆ ಬೇರೆ ಮಾಡಿ ಪಟ್ಟಿ ಬರೆದರೆ ಯಾವುದು ಮೇಲೆಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಎಣಿಸಲು ಜೊತೆಗಾರರಾಗಿ ತಂದೆಯೋ ತಾಯಿಯೋ ಕುಳಿತರೆ, ಮಕ್ಕಳು ಯಾವುದರಲ್ಲಿ ಯಾರೊಡನೆ ಮಾತನಾಡುತ್ತಾರೆ ಎಂಬುದೂ ಆ ಅರ್ಧ ಗಂಟೆಯಲ್ಲಿ ತಾನಾಗಿ ತಿಳಿಯುತ್ತದೆ.